ಜೋಡಿ ಸೈಕಲ್ಲಿನ ಹಿಂದಿನ ಸೀಟು

ಮನೆಯಿಂದ,
ಸೋಮವಾರ ಬೆಳಿಗ್ಗೆ

ಅಕ್ಕನ ಮನೆಯಲ್ಲಿ ಹದಿನೇಳು ದಿನಗಳಿಂದ ಬೀಡುಬಿಟ್ಟಿರುವ ನನ್ನ ಅರ್ಧಾಂಗಿಗೆ, ಇಲ್ಲಿ ಉಳಿದಿರುವ ಅರ್ಧದ ನಮಸ್ಕಾರಗಳು.

ಮೊದಲು ತಪ್ಪೊಪ್ಪಿಗೆ. ನಿನ್ನ ಗಂಡ ಈಗ ಅಪರಾಧಿ. ನಿನ್ನೆ ಹಗಲು ಹತ್ತೂಮುಕ್ಕಾಲಿಗೆ, ನದಿ ಕಣಿವೆಯ ರಕ್ಷಿತ ಉದ್ಯಾನದಲ್ಲಿ, ಹಕ್ಕಿಗಳು ಗೂಡು ಕಟ್ಟುವ ಮೌನವಲಯದ ಒಳಗೆ, ನಾನು ಪೂರ್ಣ ಪ್ರಜ್ಞೆಯಿಂದ ಸೈಕಲ್ ಬೆಲ್ ಬಾರಿಸಿದೆ. ಒಂದು ಸಲವಲ್ಲ, ಹತ್ತೊಂಬತ್ತು ಸಲ. ಲೆಕ್ಕ ನನ್ನದಲ್ಲ, ಅಲ್ಲಿಯ ಕಾವಲುಗಾರ್ತಿಯದು. ಆ ಹುದ್ದೆಗೆ ಕಣ್ಣಿಗಿಂತ ಕಿವಿ ನೋಡಿ ಆಳು ಆರಿಸುತ್ತಾರೆಂದು ಕಾಣುತ್ತದೆ.

ಅಲ್ಲಿಗೇಕೆ ಹೋದಿರಿ ಎಂದು ಕೇಳಬೇಡ. ಕಳಿಸಿದವಳೇ ನೀನು. ನಿನ್ನಣ್ಣನ ಮನೆಯ ಊಟದ ಮೇಜಿನಲ್ಲಿ ನಾನು ಹೇಳಿದ್ದಾದರೂ ಏನು? ಹೋದ ವರ್ಷ ಜೋಡಿ ಸೈಕಲ್ಲಿನಲ್ಲಿ ಇಡೀ ಕಣಿವೆ ಸುತ್ತಿಸಿದವನು ನಾನು, ಇವಳು ಮುಂದಿನ ಸೀಟಿನಲ್ಲಿ ಹ್ಯಾಂಡಲ್ ಹಿಡಿದುಕೊಂಡು ಗೊಂಬೆಯ ಹಾಗೆ ಕೂತಿದ್ದಳು ಎಂದೆ. ಹನ್ನೊಂದು ಜನ ನಕ್ಕರು. ಹನ್ನೆರಡನೆಯವಳು ಮರುದಿನ ಬ್ಯಾಗು ತುಂಬಿಕೊಂಡು ಹೊರಟಳು. ಆಮೇಲೆ ನಿನ್ನಕ್ಕನ ಬಾಯಲ್ಲಿ ತೀರ್ಪು ಬಂತು: “ಎಲ್ಲಿ ಹೇಳಿದ್ರೋ ಅಲ್ಲೇ, ಅದೇ ಹನ್ನೊಂದು ಜನರ ಮುಂದೆ, ಸುಳ್ಳು ಅಂತ ಒಪ್ಕೊಳ್ಬೇಕಂತೆ. ಇಲ್ಲಾಂದ್ರೆ ಕರ್ಕೊಂಡು ಹೋಗೋಕೆ ಬರೋದೇ ಬೇಡ್ವಂತೆ.”

ಒಂದು ತಮಾಷೆಗೆ ಇಷ್ಟು ದೊಡ್ಡ ಶಿಕ್ಷೆಯೇ? ಕೊಲೆಗಾರರಿಗೂ ವಾದ ಮಂಡಿಸಲು ಅವಕಾಶ ಕೊಡುತ್ತಾರೆ. ನನಗೆ ಫೋನೂ ಎತ್ತುವುದಿಲ್ಲ! ಸರಿ, ಮಾತು ಬೇಡ, ಪ್ರಯೋಗವೇ ಆಗಲಿ ಎಂದುಕೊಂಡೆ. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು ನಾನು. ಅದೇ ಜೋಡಿ ಸೈಕಲ್ಲು, ಅದೇ ದಾರಿ, ಒಬ್ಬನೇ.

ಸೈಕಲ್ ಬಾಡಿಗೆಯವನು, “ಇನ್ನೊಬ್ರು ಎಲ್ಲಿ ಸಾರ್?” ಎಂದ. ಅವರು ಬರುವುದಿಲ್ಲ ಎಂದೆ. ಅವನ ಮುಖ ಬಾಡಿತು. “ಅಯ್ಯೋ. ಯಾವಾಗ ಆಯ್ತು ಸಾರ್?” ಹದಿನಾರು ದಿನ ಆಯಿತು ಎಂದೆ. ಅವನು ತಲೆಯ ಟೋಪಿ ತೆಗೆದು, ಇದ್ದುದರಲ್ಲೇ ಹೊಸ ಸೈಕಲ್ಲು ಕೊಟ್ಟ. ನಿನ್ನ ದೆಸೆಯಿಂದ ನನಗೆ ಈ ತಿಂಗಳು ಸಿಕ್ಕ ಗೌರವ ಅದೊಂದೇ. ತಿದ್ದಲು ಮನಸ್ಸಾಗಲಿಲ್ಲ.

ಮುಂದಿನ ಸೀಟಿನಲ್ಲಿ ಕುಳಿತೆ. ಆ ದಾರಿ ಮೊದಲು ಇಳಿಜಾರು ಎಂಬುದನ್ನು ಹೋದ ವರ್ಷ ನನಗೆ ಯಾರೂ ಹೇಳಿರಲಿಲ್ಲ. ಆಗ ನನಗೆ ಕಾಣುತ್ತಿದ್ದದ್ದು ನಿನ್ನ ಬೆನ್ನು ಮಾತ್ರ. ಹೂ ಕೀಳಬಾರದು, ಕಲ್ಲು ಎತ್ತಬಾರದು, ಕೂಗಬಾರದು ಎಂದು ಹೆಜ್ಜೆಗೊಂದು ಫಲಕ. ಬೀಳಬಾರದು ಎಂಬ ಫಲಕ ಮಾತ್ರ ಎಲ್ಲೂ ಇಲ್ಲ. ಬ್ರೇಕು ಯಾವ ಕೈಯದು ಎಂದು ಹುಡುಕುವಷ್ಟರಲ್ಲಿ ದುರ್ಬೀನು ಹಿಡಿದ ಮುದಿ ದಂಪತಿ ಎದುರಾದರು. ಬೆರಳಿಗೆ ಸಿಕ್ಕಿದ್ದು ಬೆಲ್ಲು. ದಂಪತಿ ಜೊಂಡಿನೊಳಗೆ ಹಾರಿದರು, ನಾನು ಪೊದೆಯೊಳಗೆ.

ಕಾವಲುಗಾರ್ತಿ ಬಂದಳು. ಮೌನವಲಯದಲ್ಲಿ ಬೈಯುವುದೂ ಪಿಸುಮಾತಿನಲ್ಲೇ ಆಗಬೇಕಂತೆ. ಪಿಸುಮಾತಿನಲ್ಲಿ ಬೈಸಿಕೊಳ್ಳುವ ಅವಮಾನ ಶತ್ರುವಿಗೂ ಬೇಡ. ಜೊತೆಗೆ ನಮ್ಮ ಸಿಟ್ಟನ್ನೂ ಪಿಸುಗುಟ್ಟಬೇಕು. “ಮೊಟ್ಟೆ ಮೇಲೆ ಕೂತಿದ್ವು ಸಾರ್. ಮೂರು ಎದ್ದು ಹೋದ್ವು.” ನಾನೂ ಸೀಟಿನ ಮೇಲೆ ಕೂತಿದ್ದೆ, ನಾನೂ ಹೋಗಿಯೇ ಬಿಡುತ್ತಿದ್ದೆ, ಮೊಟ್ಟೆಗಿರುವ ಬೆಲೆ ಮೇಷ್ಟ್ರಿಗಿಲ್ಲವೇನಮ್ಮ ಎಂದು ಪಿಸುಗುಟ್ಟಿದೆ. “ಮೊಟ್ಟೆ ಇನ್ನೂ ಒಳ್ಳೇದಾಗಿ ಬೆಳೆಯೋ ಸಾಧ್ಯತೆ ಇದೆ ಸಾರ್” ಎಂದಳು. ನನ್ನ ವಿದ್ಯಾರ್ಥಿಗಳು ಕೂಡ ಇಷ್ಟು ಒರಟಾಗಿ ಮಾತಾಡಿಲ್ಲ.

ಒಂದು ಮಾತು ಗಮನಿಸು. ಆ ಮೂರೂ ಹಕ್ಕಿಗಳು ಹತ್ತೇ ನಿಮಿಷದಲ್ಲಿ ಗೂಡಿಗೆ ಮರಳಿದವು. ಹತ್ತು ನಿಮಿಷ! ಹತ್ತೊಂಬತ್ತು ಬೆಲ್ಲಿಗೆ ಹತ್ತು ನಿಮಿಷದ ಕೋಪ. ನಾನು ನಿನಗೆ ಹೊಡೆದದ್ದು ಒಂದೇ ಒಂದು ಜೋಕು.

ಆಮೇಲೆ ನಡೆದದ್ದು ಇತಿಹಾಸ. ಉಳಿದ ಹನ್ನೊಂದು ಕಿಲೋಮೀಟರನ್ನೂ ಸೈಕಲ್ಲಿನ ಮೇಲೆಯೇ ಮುಗಿಸಿದೆ. ಜೊಂಡಿನ ಬಯಲು, ಕಲ್ಲಿನ ಸೇತುವೆ, ನದಿ ಎರಡಾಗಿ ಸೀಳಿ ನಡುವೆ ಮರಳಿನ ದಿಬ್ಬ ಬಿಟ್ಟು ಮತ್ತೆ ಒಂದಾಗುವ ತಿರುವು, ವೀಕ್ಷಣಾ ಗೋಪುರ, ಎಲ್ಲವನ್ನೂ ನೋಡಿ ಎರಡು ಗಂಟೆಗೆ ಗೇಟಿಗೆ ಮರಳಿದೆ. ಆದ್ದರಿಂದ ಮಾತು ಹಿಂತೆಗೆದುಕೊಳ್ಳಬೇಕಾದವಳು ನೀನು. ಭಾನುವಾರ ಬರುತ್ತೇನೆ, ಬ್ಯಾಗು ಸಿದ್ಧವಿರಲಿ. ನಿನ್ನಕ್ಕನಿಗೆ, ತೀರ್ಪುಗಳನ್ನು ಅಷ್ಟು ಸಂತೋಷದಿಂದ ಓದಬಾರದೆಂದು ಹೇಳು.

ಇಂತಿ ನಿನ್ನ,
ಸೋಲರಿಯದ ಸವಾರ

ತಾ.ಕ.: ಲಕೋಟೆ ಅಂಟಿಸಲು ಕುಳಿತೆ, ಕೈ ಬರಲಿಲ್ಲ. ಬೆಲ್ ಬಾರಿಸಿದವರ ಕೈಗೆ ಮತ್ತೆ ಹ್ಯಾಂಡಲ್ ಕೊಡುವುದಿಲ್ಲವಂತೆ, ಅಲ್ಲಿಯ ನಿಯಮ. ಹಾಗಾಗಿ ಆ ಹನ್ನೊಂದು ಕಿಲೋಮೀಟರೂ ಮುಂದೆ ಕಾವಲುಗಾರ್ತಿ, ಹಿಂದೆ ನಾನು. ಸೇತುವೆಯ ಏರಿನಲ್ಲಿ ಅವಳು ಏದುಸಿರು ಬಿಡುತ್ತಾ, “ಸಾರ್, ಸ್ವಲ್ಪ ನೀವೂ ತುಳೀರಿ” ಎಂದಳು. ತುಳಿಯುತ್ತಲೇ ಇದ್ದೇನಲ್ಲಮ್ಮ, ಕಾಲು ತಿರುಗುತ್ತಿಲ್ಲವೇ ಎಂದೆ. “ಎರಡೂ ಪೆಡಲ್ಲು ಒಂದಕ್ಕೊಂದು ಚೈನು ಹಾಕಿರ್ತಾರೆ ಸಾರ್. ಮುಂದಿನವರು ತುಳಿದ್ರೆ ಹಿಂದಿನವರ ಕಾಲು ತಾನೇ ತಿರುಗುತ್ತೆ.”

ಭೌತಶಾಸ್ತ್ರದ ಮೇಷ್ಟ್ರಿಗೆ ಸೈಕಲ್ಲಿನ ಮೇಲೆ ಪಾಠ. ನಾನು ಪೆಡಲನ್ನು ತುಳಿದಿರಲಿಲ್ಲ, ಪೆಡಲು ನನ್ನ ಕಾಲನ್ನು ತುಳಿಯುತ್ತಿತ್ತು. ಹೋದ ವರ್ಷ ನೀನು ಎರಡು ದಿನ ಮೀನಖಂಡಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗಿದ್ದಾಗ, ನಿನಗೆ ಅಭ್ಯಾಸವಿಲ್ಲ ಎಂದಿದ್ದೆ. ನನ್ನ ಕಾಲು ನೋಯದಿದ್ದುದನ್ನು ಗಂಡಸುತನ ಎಂದುಕೊಂಡಿದ್ದೆ.

ನಿನ್ನಣ್ಣನಿಗೆ ಫೋನು ಮಾಡಿದ್ದೇನೆ. ಭಾನುವಾರ ಮಧ್ಯಾಹ್ನ ಅದೇ ಹನ್ನೊಂದು ಜನ ಸೇರುತ್ತಾರೆ. ನೀನೂ ಬಂದು ಕೇಳು. ನಾನು ನಿಂತುಕೊಂಡು ಹೇಳುತ್ತೇನೆ, ಅಂದರೆ ಅಷ್ಟರಲ್ಲಿ ನಿಲ್ಲಲು ಸಾಧ್ಯವಾದರೆ. ಅವಳು ಹೇಳಿದ ಮೇಲೆ ನಾನು ನಿಜವಾಗಿ ತುಳಿದದ್ದು ಒಂದೇ ಒಂದು ಕಿಲೋಮೀಟರು. ಇವತ್ತು ಮನೆಯ ಮೆಟ್ಟಿಲು ಇಳಿಯಲಾಗದೆ ಈ ಕಾಗದವನ್ನು ಪಕ್ಕದ ಮನೆಯಾಕೆಯ ಕೈಯಲ್ಲಿ ಅಂಚೆಗೆ ಹಾಕಿಸುತ್ತಿದ್ದೇನೆ.