ನಾಡಿ ನೋಡದ ಕೈ

ಮಾರ್ಚ್ 3, ಸೋಮವಾರ

ಇವತ್ತೂ ಬೈಸಿಕೊಂಡೆ. ಐವತ್ಮೂರು ವರ್ಷದವಳನ್ನು ಬೆಂಚಿನ ಮೇಲೆ ನಿಲ್ಲಿಸುವುದೊಂದೇ ಬಾಕಿ.

ದಾಂಪತ್ಯದ ಲೈಂಗಿಕ ತೊಂದರೆಗಳಿಗೆ ಥೆರಪಿ ಕೊಡುವ ಕೋರ್ಸು. ಈಗ ಸ್ಪರ್ಶದ ಪಾಠ ನಡೆದಿದೆ. ಮುಂದೆ ದಂಪತಿಗಳಿಗೆ ಮನೆಯಲ್ಲಿ ಮಾಡಿ ಎಂದು ಹೇಳಬೇಕಾದ್ದನ್ನು ಮೊದಲು ನಾವೇ ಮಾಡಿ ನೋಡಬೇಕು. ಕ್ಲಾಸಿನಲ್ಲಿ ಬರೀ ಕೈ, ಅಷ್ಟೇ. ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನಿರುವುದು. ಬೇಡ ಅನಿಸಿದರೆ 'ಸಾಕು' ಅನ್ನಬಹುದು, ಕಾರಣ ಕೊಡಬೇಕಿಲ್ಲ. ಖುಷಿಪಡಿಸಲು ಮುಟ್ಟಬಾರದು, ಗುಣಪಡಿಸಲಂತೂ ಮುಟ್ಟಲೇಬಾರದು. ಬೆಚ್ಚಗೋ ತಣ್ಣಗೋ, ಒರಟೋ ನುಣುಪೋ... ಅಷ್ಟು ಗಮನಿಸಿದರೆ ಆಯಿತು.

ನನ್ನ ಜೋಡಿ, ಸದಾ ವಟವಟ ಅನ್ನುವ ಗಿಣಿಯಂಥ ಹುಡುಗಿ. ಅವಳ ಕೈ ಹಿಡಿದು ಏನು ಹೇಳಿದೆ? "ತುಂಬಾ ತಣ್ಣಗಿದೆ ಪುಟ್ಟಾ, ಒಂದ್ಸಲ ರಕ್ತ ಟೆಸ್ಟ್ ಮಾಡಿಸ್ಕೋ." ಕ್ಲಾಸೆಲ್ಲ ಗೊಳ್ಳೆಂದಿತು. ಟ್ರೇನರ್ ಮೇಡಂ ನಗಲಿಲ್ಲ. "ಸಿಸ್ಟರ್, ನಿಮ್ಮ ಡ್ಯೂಟಿ ಮುಗಿದು ಎಷ್ಟು ವರ್ಷ ಆಯ್ತು?"

ಹೃದಯದ ವಾರ್ಡಿನಲ್ಲಿ ನರ್ಸಾಗಿ ಅರ್ಧ ಆಯಸ್ಸು ಕಳೆದವಳು ನಾನು. ಕೈಗೆ ಬೇರೇನು ಗೊತ್ತು?

ಇದನ್ನೇ ಮನೆಯಲ್ಲಿ ಗಂಡ ಅಥವಾ ಹೆಂಡತಿಯ ಜೊತೆ ಮಾಡಿ ಬರಬೇಕಂತೆ. ಬಲವಂತವಿಲ್ಲ, ಅವರು ಒಪ್ಪಿದರೆ ಮಾತ್ರ. ಇವರು ಒಪ್ಪುವುದುಂಟೇ? ಹಾರ್ಟ್ ಅಟ್ಯಾಕ್ ಆದಾಗಿನಿಂದ ನಾನು ಕೈ ಹಿಡಿದರೆ ಮೆಲ್ಲಗೆ ಬಿಡಿಸಿಕೊಳ್ಳುತ್ತಾರೆ. ಮಂಚದ ಮೇಲೆ ನಮ್ಮ ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ. ನಾನು ಬೇಡವಾಗಿದ್ದೇನೆ. ಇನ್ನೇನಿರುತ್ತದೆ?

ಮಾರ್ಚ್ 5

ಕೇಳಿಯೇಬಿಟ್ಟೆ.

"ಹೋಂವರ್ಕಾ? ನನ್ನ ಮೇಲಾ?" ಅಂದರು. ನಕ್ಕರು. ಆಮೇಲೆ ಗಿಡಕ್ಕೆ ನೀರು ಹಾಕಲು ಎದ್ದು ಹೋದರು. ಬೆಳಿಗ್ಗೆಯೇ ನೀರು ಹಾಕಿದ್ದ ಗಿಡಕ್ಕೆ!

ನಾನೂ ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮಾರ್ಚ್ 9, ಭಾನುವಾರ

ಊಟವಾದ ಮೇಲೆ ತಾವೇ ಬಂದು ಸೋಫಾದಲ್ಲಿ ಕೂತರು. ಶರ್ಟಿನ ತೋಳು ಮಡಚಿ ಕೈ ಚಾಚಿದರು, ಇಂಜೆಕ್ಷನ್‌ಗೆ ಚಾಚುವ ಹಾಗೆ. ನಗು ಬಂತು. ತಡೆದುಕೊಂಡೆ.

ಬೆರಳ ಗೆಣ್ಣುಗಳು. ಮುಂಗೈ ಮೇಲಿನ ನರ. ಚೆನ್ನಾಗಿಯೇ ನಡೆದಿತ್ತು...

"ಸಾಕು."

ಕಾರಣ ಕೇಳುವ ಹಾಗಿಲ್ಲ. ಆದರೂ ಕೇಳಿದೆ. "ಯಾಕ್ರೀ?"

"ನಿನ್ನ ಬೆರಳು ಎಲ್ಲಿದೆ ನೋಡ್ಕೋ."

ನೋಡಿದೆ. ಮೂರು ಬೆರಳು ಅವರ ಮಣಿಕಟ್ಟಿನ ಮೇಲೆ. ನಾಡಿ ಹಿಡಿದು ಕೂತಿದ್ದೆ. ನನಗೇ ಗೊತ್ತಿಲ್ಲದೆ!

"ಆಸ್ಪತ್ರೆಯಿಂದ ಬಂದಾಗಿಂದ ಹೀಗೇ ಕಣೆ. ಪ್ರೀತಿಯಿಂದ ಕೈ ಹಿಡಿದ್ಲು ಅಂದ್ಕೋತೀನಿ. ತಿರುಗಿ ನೋಡಿದ್ರೆ ನಿನ್ನ ಕಣ್ಣು ಗೋಡೆ ಗಡಿಯಾರದ ಮೇಲಿರತ್ತೆ." ಧ್ವನಿ ಇಳಿಯಿತು. "ಅಲ್ಲಿ ಬೇಕಾದಷ್ಟು ಸಿಸ್ಟರ್‌ಗಳಿದ್ರು. ಮನೇಲಿ ಹೆಂಡ್ತಿ ಇದ್ರೆ ಸಾಕಿತ್ತು."

ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತೆ.

ಮಾರ್ಚ್ 18

ಬರೆಯಲು ಮನಸ್ಸೇ ಬಂದಿರಲಿಲ್ಲ.

ಹೋಂವರ್ಕ್ ಕೆಟ್ಟುಹೋಯಿತು ಎಂದು ಮೇಡಂಗೆ ಹೇಳಿದೆ. "ಅವರು ಸಾಕು ಅಂದ್ರು, ನೀವು ಬಿಟ್ರಿ. ಕೆಟ್ಟಿದ್ದೇನು?" ಅಂದರು. ಆಮೇಲೆ, "ನಾಡಿ ಯಾಕೆ ನೋಡ್ತೀರಿ ಅಂತ ಅವರಿಗೆ ಹೇಳಿದೀರಾ?"

ಹೇಳುವುದೇನಿದೆ, ಗೊತ್ತಿರುತ್ತದಲ್ಲ... ಅಂದುಕೊಂಡೇ ಇಷ್ಟು ದಿನ ಕಳೆದದ್ದು.

ಸಂಜೆ ಇವರು ಕರೆದೊಯ್ಯಲು ಬಂದಿದ್ದರು, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಕಾರು ಕಲಿಸುವುದೇ ಇವರ ಕೆಲಸ. ಮನೆ ಮುಂದೆ ನಿಲ್ಲಿಸಿದಾಗ ಇಳಿಯಲಿಲ್ಲ ನಾನು.

"ಕೈ ಹಿಡಿದಾಗೆಲ್ಲ ನಾಡಿ ನಿಂತೇ ಹೋಗತ್ತೇನೋ ಅಂತ ಭಯ ರೀ. ಅದಕ್ಕೇ."

ಎಂಜಿನ್ ಆಫ್ ಮಾಡಿದರು. ಆಮೇಲೆ ಸ್ಟೇರಿಂಗ್ ನೋಡುತ್ತಾ ಅಂದರು, "ನಂಗೂ ಭಯಾನೇ. ಹತ್ರ ಬಂದ್ರೆ ಮುಂದಿಂದೆಲ್ಲ ನನ್ನ ಕೈಲಿ ಆಗತ್ತೋ ಇಲ್ವೋ. ಆಗದಿದ್ರೆ ನಿನ್ನ ಮುಖ ಹೇಗೆ ನೋಡೋದು..."

ಅಯ್ಯೋ ದೇವರೇ. ಪಕ್ಕದಲ್ಲೇ ಮಲಗಿ ಇದನ್ನೊಬ್ಬರೇ ನುಂಗಿಕೊಂಡಿದ್ದರು.

"ಮುಂದೆ ಏನೂ ಇಲ್ಲ ರೀ. ಕೈ ಅಂದ್ರೆ ಕೈ ಅಷ್ಟೇ. ಅದೇ ರೂಲು."

"ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ರೂಲು ಬೇರೆ!" ನಕ್ಕರು. "ಕಲಿಯೋರಿಗೆ ದಿನಾ ಹೇಳ್ತೀನಿ, ಸ್ಟೇರಿಂಗ್ ಅಷ್ಟು ಬಿಗಿ ಹಿಡೀಬೇಡಿ ಅಂತ. ನೀನು ನೋಡಿದ್ರೆ..."

"ನಿಮ್ಮ ಕಾಲು ಎಲ್ಲಿದೆ ನೋಡ್ಕೊಳ್ಳಿ ಮೊದಲು."

ಎಂಜಿನ್ ಆಫ್ ಆಗಿ ಯಾವ ಕಾಲವಾಯಿತೋ. ಕಾಲಿನ್ನೂ ಬ್ರೇಕ್ ಮೇಲೇ ಇತ್ತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಎದುರುಮನೆಯವರು ಕಿಟಕಿ ತೆರೆದು ನೋಡಿದರು. ನೋಡಲಿ.

ಮಾರ್ಚ್ 23, ಭಾನುವಾರ, ಸಂಜೆ

ಇವರು ಸ್ಟೂಲ್ ಹತ್ತಿ ಗೋಡೆ ಗಡಿಯಾರ ಇಳಿಸಿದರು. ಟಿವಿ ಪಕ್ಕ ಬೋರಲು ಹಾಕಿದರು. ಕೂತು ಕೈ ಕೊಟ್ಟರು. ತೋಳು ಮಡಚಿರಲಿಲ್ಲ.

ಅಂಗೈ ಇಷ್ಟು ಮೆತ್ತಗಿದೆಯೇ? ಒರಟು ಎಂದೇ ನೆನಪಿತ್ತು ನನಗೆ. ಕಿರುಬೆರಳ ಬುಡದಲ್ಲಿ ಒಂದು ಮಚ್ಚೆ. ಎಂದೂ ನೋಡಿರಲಿಲ್ಲ. ಬೆರಳು ತಾನಾಗಿ ಮಣಿಕಟ್ಟಿನತ್ತ ಜಾರಿತು... ನಿಲ್ಲಿಸಿದೆ. ಅಂಗೈಗೇ ಹಿಂತಿರುಗಿದೆ.

"ಭೇಷ್," ಅಂದರು ಕಣ್ಣು ಮುಚ್ಚಿಕೊಂಡೇ.

ಆಮೇಲೆ ಅವರ ಸರದಿ. ಸೋಪು, ಸ್ಪಿರಿಟ್ಟು ತಿಂದು ಒಣಗಿದ ನನ್ನ ಕೈಯನ್ನು ಯಾವ ಆತುರವೂ ಇಲ್ಲದೆ ಮುಟ್ಟಿ ಮುಟ್ಟಿ ನೋಡಿದರು. ಕಣ್ಣೀರು ಸುರಿಯಿತು. ಯಾಕೆ ಎಂದು ಕೇಳಲಿಲ್ಲ. ನಾನು ಸಾಕು ಅನ್ನಲಿಲ್ಲ.

ಮಾರ್ಚ್ 30, ಭಾನುವಾರ

ನಾಳೆ ಕ್ಲಾಸಿನಲ್ಲಿ ಕೇಳುತ್ತಾರೆ, ಏನು ಗಮನಿಸಿದಿರಿ ಎಂದು. ಬೆಚ್ಚಗಿತ್ತು, ಮೆತ್ತಗಿತ್ತು ಎನ್ನುತ್ತೇನೆ. ಮಚ್ಚೆಯ ವಿಷಯ ಹೇಳುವುದಿಲ್ಲ, ಅದು ನನ್ನದು. ನಾಡಿ ಎಷ್ಟಿತ್ತೋ, ಗೊತ್ತಿಲ್ಲ. ಗೊತ್ತಿಲ್ಲದೆಯೂ ಕಳೆದ ಭಾನುವಾರ ನಿದ್ದೆ ಬಂತು.

ಹಾಲ್‌ನಲ್ಲಿ ಸ್ಟೂಲ್ ಎಳೆಯುವ ಸದ್ದು. ಗಡಿಯಾರ ಇಳಿಸುತ್ತಿದ್ದಾರೆ. ಇವತ್ತು ಹೋಂವರ್ಕೇ ಇಲ್ಲವಲ್ಲ, ಮತ್ಯಾಕೆ—