ತಮ್ಮ ತಿದ್ದಿಟ್ಟ ಫೈಲು

ಅಚ್ಚುಕೂಟ,
ಮಾರ್ಚ್ ೬

ಚುಕ್ಕಿಗೆ ದೊಡ್ಡಪ್ಪನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಕಾಗದ ಬರೆಸಬೇಕೇ ನೀನು? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಊರವರ ಪುಸ್ತಕಕ್ಕೆಲ್ಲ ಅಚ್ಚಿನ ಮೊಳೆ ಜೋಡಿಸಿದ್ದೇನೆ, ನನ್ನದೆಂದು ಎರಡು ಸಾಲು ಬರೆದವನಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಅಮ್ಮನಿಂದ ಹೇಳಿಸೋಣವೆಂದರೆ ಅವಳು, “ಏನ್ ಭಾವ, ಬೈಯೋಕೆ ನಿಮ್ಮ ಬಾಯಿ, ಬೇಡೋಕೆ ನನ್ನ ಬಾಯಾ? ನೀವೇ ಬರೀರಿ” ಎಂದಳು.

ನಿನ್ನ ಅಪ್ಪನ ಪುಸ್ತಕ ನಿಂತುಹೋಗಿದೆ. ಅಚ್ಚಿನ ಕೆಲಸದ ಬಗ್ಗೆ ಅವನೇ ಬರೆದು, ಆಸ್ಪತ್ರೆಗೆ ಹೋಗುವ ಮುಂಚೆ ಅವನೇ ಜೋಡಿಸಿಟ್ಟ ಇನ್ನೂರ ಹನ್ನೆರಡು ಪುಟ. ಒಂದೂ ಈಗ ನೆಟ್ಟಗೆ ಬರುತ್ತಿಲ್ಲ. ಸಾಲು ಮುರಿಯಬಾರದ ಕಡೆ ಮುರಿಯುತ್ತದೆ, ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಆದದ್ದು ಇಷ್ಟು. ಕಂಪ್ಯೂಟರ್ ಏನೋ ತಪ್ಪು ತೋರಿಸಿತು. ಪುಟ ಜೋಡಿಸುವ ಸಾಫ್ಟ್‌ವೇರಿನ ಪ್ಯಾಕೇಜು ಕೆಟ್ಟರೆ ಮೊದಲು ತೆಗೆಯುವ ಕಮಾಂಡ್, ಆಮೇಲೆ ಹಾಕುವ ಕಮಾಂಡ್ ಎಂದು ನೀನು ರಟ್ಟಿನ ಮೇಲೆ ಬರೆದು ಅಂಟಿಸಿದ್ದೀಯಲ್ಲ, ಒಂದೊಂದೇ ಅಕ್ಷರ ನೋಡಿ ಒತ್ತಿದೆ. ತೆಗೆಯಿತು. ಹಾಕಿತು. ಪುಟ ತೆಗೆದು ನೋಡಿದರೆ ಯಾರದೋ ಪುಸ್ತಕ.

ಪಕ್ಕದ ಬೀದಿಯ ರಿಪೇರಿಯವನನ್ನು ಕರೆಸಿದೆ. “ಯಜಮಾನ್ರೇ, ನಿಮ್ಮ ತಮ್ಮ ಪ್ಯಾಕೇಜಿನ ಫೈಲನ್ನೇ ತಿದ್ದಿಬಿಟ್ಟಿದ್ದಾರೆ. ಬೇರೆ ಹೆಸರಲ್ಲಿ ನಕಲು ಮಾಡ್ಕೊಂಡು ತಿದ್ದಬೇಕಿತ್ತು. ನೀವು ತೆಗೆದಾಗ ಅವರು ತಿದ್ದಿದ್ದೂ ಹೋಯ್ತು” ಎಂದ. ಹದಿನಾಲ್ಕು ವರ್ಷದ ಕೆಲಸ. ನಕಲು ಇಟ್ಟುಕೊಳ್ಳುವ ವ್ಯವಧಾನ ನಮ್ಮ ವಂಶದಲ್ಲಿ ಯಾರಿಗಿದೆ? ಮೊಳೆಯ ಕಾಲದಲ್ಲೂ ಅವನು ಹೀಗೇ, ಮೊಳೆ ಎತ್ತರವಾಯಿತೆಂದರೆ ಅದನ್ನೇ ಅರದಿಂದ ಉಜ್ಜುತ್ತಿದ್ದ.

ನೀನು ಹೋಗುವಾಗ ಇಲ್ಲಿದ್ದುದನ್ನು ನಿನ್ನ ಕಂಪ್ಯೂಟರಿಗೆ ಇಳಿಸಿಕೊಂಡೆಯಂತೆ. ಆ ಫೈಲೂ ಬಂದಿದೆಯೋ, ಬರೀ ಪುಸ್ತಕವೋ, ನಿನ್ನ ಅಮ್ಮನಿಗೆ ಗೊತ್ತಿಲ್ಲ. ಹುಡುಕು. ಇದ್ದರೆ ಕಳಿಸು.

ನನ್ನ ಮೇಲೆ ನಿನಗೆ ಸಿಟ್ಟಿದೆ, ಇರಲಿ. ಅಪ್ಪ ತೀರಿಕೊಂಡ ವಾರವೇ ಅವನ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ನಿನಗೆ “ಏಳೇ ಅಲ್ಲಿಂದ” ಎಂದೆ. ನೀನು ಅಳುತ್ತಿದ್ದುದು ಹಿಂದೆ ನಿಂತಿದ್ದ ನನಗೆ ಕಾಣಲಿಲ್ಲ. ಕಂಡಿದ್ದರೂ ಎನ್ನುತ್ತಿದ್ದೆನೋ ಏನೋ. ಕುರ್ಚಿ ಖಾಲಿ ಇದ್ದರೆ ಅವನು ಚಹಾ ಕುಡಿಯಲು ಎದ್ದು ಹೋಗಿದ್ದಾನೆ ಅಂದುಕೊಳ್ಳಬಹುದಿತ್ತು.

“ಅಣ್ಣಾ, ನಿನ್ನ ಸಿಟ್ಟು ತೆಗೆಯೋಕೊಂದು ಕಮಾಂಡ್ ಇದ್ದಿದ್ರೆ ಬೀದಿಯವರೆಲ್ಲ ಸಾಲು ನಿಂತು ಎಂಟರ್ ಒತ್ತೋರು” ಎಂದು ನಗುತ್ತಿದ್ದ ನಿನ್ನ ಅಪ್ಪ.

ಇಂತಿ,
ನಿನ್ನ ದೊಡ್ಡಪ್ಪ

ತಾ.ಕ.: ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸಿರಲಿಲ್ಲ. ನಾನೇ ಆ ಫೈಲು ತೆರೆದು ಓದುತ್ತಿದ್ದೆ. ತಿದ್ದಿದ ಕಡೆಯೆಲ್ಲ ಅವನು ಶೇಕಡಾ ಗುರುತು ಹಾಕಿ, ಅಚ್ಚಿನಲ್ಲಿ ಬಾರದ ಹಾಗೆ, ಏನಾದರೂ ಬರೆದಿಡುತ್ತಿದ್ದ. ಒಂದು ಕಡೆ ಹೀಗಿತ್ತು: “ಅಣ್ಣನಿಗೆ ಕಣ್ಣು ಮಂಜಾಗಿದೆ, ಒಪ್ಪಲ್ಲ. ಅವನು ತಿದ್ದೋ ಕರಡು ಪ್ರತಿಗೆ ಮಾತ್ರ ಅಕ್ಷರ ದೊಡ್ಡದು ಮಾಡಿದೀನಿ. ಅವನು ನೋಡಿದ್ಮೇಲೆ ನಾನೊಂದ್ಸಲ ನೋಡ್ಬೇಕು.” ಆರು ವರ್ಷದ ಹಿಂದಿನ ತಾರೀಖು. ಆರು ವರ್ಷ ಕರಡು ತಿದ್ದುವುದರಲ್ಲಿ ನನ್ನ ಕಣ್ಣಿಗೆ ಸಮವಿಲ್ಲವೆಂದು ಮೆರೆದೆನಲ್ಲ, ಆ ಸಿಟ್ಟಿಗೆ ಪ್ಯಾಕೇಜು ತೆಗೆದೆ. ಅರ್ಧ ಗಂಟೆ ಬಿಟ್ಟು ನಾಚಿಕೆಯಾಗಿ ಮತ್ತೆ ಹಾಕಿದೆ. ಅವನ ಮಾತೂ ವಾಪಸು ಬರುತ್ತದೆ ಅಂದುಕೊಂಡಿದ್ದೆ.

ಅದರ ಕೆಳಗೆ ನಿನ್ನ ಹೆಸರು ಹಾಕಿ ತುಂಬ ಸಾಲು ಬರೆದಿದ್ದ. ನಾನು ಓದಲಿಲ್ಲ. ನಿನ್ನ ಹತ್ತಿರ ಇದೆಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರೆ.