ಕೆಂಪು ಮುಚ್ಚಳದ ಬಾಟಲಿ

ಸೋಮವಾರ, ಊಟದ ಬಿಡುವು
ಸ್ಯಾಂಪಲ್ ಕೋಣೆ

ಪ್ರಯೋಗಾಲಯದ ಘನತೆವೆತ್ತ ಅಧಿಕಾರಿಣಿಯೂ, ನಲವತ್ತು ಸಲ ಎಬ್ಬಿಸಿದರೂ ಏಳದವಳೂ ಆದ ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಚೆನ್ನಾಗಿಲ್ಲ, ಆದರೆ ಅದು ಯಾವಾಗ ಚೆನ್ನಾಗಿತ್ತು? ಫೋನ್ ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಎಂದು ನೀನು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನಾನು ಸುಳ್ಳು ಹೇಳುತ್ತೇನೆ ಕಣೇ. ಹೋದ ವಾರ ತಾನೇ ಹೇಳಿದೆ.

ನನ್ನ ಸಾಮ್ರಾಜ್ಯ ನಿನಗೆ ಗೊತ್ತಿದ್ದದ್ದೇ: ಕಿಟಕಿಯಿಲ್ಲದ ಒಂದು ಕೋಣೆ, ಆರು ಕಬ್ಬಿಣದ ಕಪಾಟು, ಎರಡು ಸಾವಿರ ಬಾಟಲಿ ಪ್ರಜೆಗಳು. ಕಾರ್ಖಾನೆಯಲ್ಲಿ ಎಂಜಿನ್ ಆಯಿಲ್ ಬೆರೆಸಿದಾಗಲೆಲ್ಲ ಆ ಬ್ಯಾಚಿನದೊಂದು ಲೀಟರು ನನ್ನ ಕಪಾಟಿಗೆ ಬರುತ್ತದೆ. ಸೀಲು ಹಾಕಿ, ನಂಬರು ಬರೆದು, ಸಹಿ ಮಾಡಿ ಇಡುತ್ತೇನೆ. ಮುಂದೆ ಯಾರಾದರೂ ತಕರಾರು ತೆಗೆದರೆ ಆ ಬಾಟಲಿಯೇ ಸಾಕ್ಷಿ. ಹದಿನೆಂಟು ವರ್ಷದಲ್ಲಿ ಯಾರೂ ತೆಗೆದಿರಲಿಲ್ಲ. ಧೂಳು ಒರೆಸುವುದಕ್ಕೆ ನಿನಗೆ ಸಂಬಳ ಎಂದು ನಿನ್ನಪ್ಪ ರೇಗಿಸುತ್ತಿದ್ದರು.

ಈಗ ತಕರಾರು ತೆಗೆದವನು ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಹೋದ ಚಳಿಗಾಲದ ಒಂದು ಬೆಳಗ್ಗೆ ಅವನ ಗಾಡಿ ಎರಡು ಬೀದಿ ದಾಟುವಷ್ಟರಲ್ಲಿ ಎಂಜಿನ್ ಕಿರ್ರೆಂದು ಹಿಡಿದುಕೊಂಡುಬಿಟ್ಟಿತು. ಹಿಂದೆ ಮಲಗಿದ್ದ ಶಾಲೆಯ ಟೀಚರ್, ಇನ್ನೊಂದು ಗಾಡಿ ಬರುವ ಮೊದಲೇ ತೀರಿಹೋದರು. ಆಯಿಲ್ ಚಳಿಗೆ ಗೋಂದಾಗಿತ್ತು, ಡಬ್ಬಿಯ ಮೇಲೆ ಬರೆದ ದರ್ಜೆ ಅದಕ್ಕಿಲ್ಲ ಎಂದು ಡ್ರೈವರ್. ಆಯಿಲ್ ಎಲ್ಲ ಮಾನದಂಡಕ್ಕೂ ಸರಿ, ಅವನೇ ಗಾಡಿ ನೋಡಿಕೊಂಡಿಲ್ಲ ಎಂದು ನಮ್ಮ ಕಂಪನಿ. ಅವನ ಬಳಿ ಉಳಿದಿದ್ದ ಅರ್ಧ ಡಬ್ಬಿ ಸಾಕ್ಷಿಗೆ ನಡೆಯಲಿಲ್ಲ, ಸೀಲು ಒಡೆದಿತ್ತು. ಹಾಗಾಗಿ ಆ ಬ್ಯಾಚಿನ ನನ್ನ ಬಾಟಲಿ, ಕಂಪನಿಯ ಹೆಸರು, ನನ್ನ ಸಹಿ ಎರಡನ್ನೂ ಮರೆಸಿಕೊಂಡು, ಬರೀ ನಂಬರಿನ ಜೊತೆ ನಿನ್ನ ಲ್ಯಾಬಿಗೆ ಬಂತು. ನೀನು ಹೆಪ್ಪುಗಟ್ಟುವ ಚಳಿಯಲ್ಲಿಟ್ಟು ನೋಡಿದೆ. ಸಲೀಸಾಗಿ ಹರಿಯಿತು. ಪಾಸು.

ಹರಿಯದೆ ಏನು ಮಾಡುತ್ತದೆ? ಅದು ಆ ಬ್ಯಾಚಿನದೇ ಅಲ್ಲ.

ಬೇಸಿಗೆಯಲ್ಲಿ ಮೇಲಿನ ಸಾಲು ಒರೆಸುವಾಗ ಒಂದು ಬಾಟಲಿ ಕೈಜಾರಿತು. ಮ್ಯಾನೇಜರ್ ಸಾಹೇಬರ ಬಾಯಿ ನಿನಗೆ ಗೊತ್ತು. ಹಿಂದಿನ ತಿಂಗಳಷ್ಟೇ "ಏನ್ರೀ, ಕಣ್ಣು ಮನೇಲಿ ಬಿಟ್ಟು ಬಂದ್ರಾ? ಸಾಕಾಗಿದ್ರೆ ಹೇಳಿ, ಕಳಿಸಿಕೊಡೋಣ" ಅಂದಿದ್ದರು. ಸದ್ದಿಲ್ಲದೆ ಗಾಜು ಗುಡಿಸಿದೆ. ಹೊಸ ಬಾಟಲಿಗೆ ಅವತ್ತಿನ ಡ್ರಮ್ಮಿನಿಂದ ತುಂಬಿ, ಹಳೆಯ ನಂಬರು ಬರೆದು, ಸೀಲು, ಸಹಿ ಹಾಕಿಟ್ಟೆ. ಅಜ್ಜಿಯ ಕಾಫಿ ಕಪ್ಪು ಒಡೆದಾಗ ಅಂಥದ್ದೇ ಇನ್ನೊಂದು ತಂದಿಟ್ಟೆವಲ್ಲ, ಹಾಗೆ. ಎರಡು ಸಾವಿರದಲ್ಲಿ ಇದೊಂದನ್ನು ಯಾರು ಕೇಳುತ್ತಾರೆ ಅಂದುಕೊಂಡೆ. ಇದನ್ನೇ ಕೇಳಿದರು. ನಿನ್ನಮ್ಮನಿಗೆ ಜನ್ಮದಲ್ಲಿ ಲಾಟರಿ ಹೊಡೆದದ್ದು ಇದೊಂದೇ ಸಲ.

ಹೋದ ವಾರ ನೀನು ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ, ಆಮೇಲೆ ಮೆಲ್ಲಗೆ, "ಅಮ್ಮ, ನಿಮ್ಮಲ್ಲಿ ಕೆಂಪು ಮುಚ್ಚಳ ಯಾವಾಗಿಂದ ಬರ್ತಿದೆ?" ಅಂದೆ. ಬಾಲ ಸುತ್ತಿದ ನನ್ನ ಏಳರ ಅಂಕಿಯನ್ನು ನೀನು ಗುರುತು ಹಿಡಿದಿದ್ದೆ. ಈ ಬೇಸಿಗೆಯಲ್ಲಷ್ಟೇ ಬಂದ, ಚಳಿಗಾಲದ ಬ್ಯಾಚಿನ ಬಾಟಲಿಗೆ ಇರಲಾರದ ಆ ಹಾಳು ಮುಚ್ಚಳ ತಿರುಗಿಸಿ ತಿರುಗಿಸಿ ಮಣಿಕಟ್ಟು ಹೋಯಿತೆಂದು ನಿನ್ನ ಮುಂದೆ ಗೋಳಾಡಿದವಳೂ ನಾನೇ. ಆದರೂ "ಎರಡು ವರ್ಷ ಆಯ್ತಲ್ಲೇ" ಅಂದೆ. ನೀನು "ಸರಿ ಬಿಡಮ್ಮ" ಅಂದೆ. ಮರುದಿನ ನೀನು ವರದಿಗೆ ಸಹಿ ಹಾಕಿದೆ.

ಮೊನ್ನೆ ಬಾಟಲಿಯ ಮೇಲಿನ ಸಹಿ ನನ್ನದೇ ಎಂದು ಹೇಳಲು ವಿಚಾರಣೆಗೆ ಕರೆದಿದ್ದರು. ಹೇಳಿ ಹೊರಬಂದರೆ, ಬೆಂಚಿನ ಮೇಲೆ ಡ್ರೈವರ್. ನಾನು ಯಾರೆಂದು ತಿಳಿಯದೆ ಸರಿದು ಜಾಗ ಮಾಡಿಕೊಟ್ಟ. "ಅಕ್ಕಾ, ಹನ್ನೊಂದು ವರ್ಷ ಓಡ್ಸಿದೀನಿ. ಆಯಿಲ್ ನೋಡ್ದೆ ಕೀ ಮುಟ್ಟಿದೋನಲ್ಲ. ಆದ್ರೆ ಲ್ಯಾಬೇ ಸರಿಯಿದೆ ಅಂದ್ಮೇಲೆ... ಅವತ್ತು ನಾನೇ ಮರೆತ್ನೇನೋ ಅನ್ಸೋಕೆ ಶುರುವಾಗಿದೆ. ಆ ಟೀಚರನ್ನ ನಾನೇ ಕೊಂದ್ನಾ ಅಕ್ಕಾ?"

ನಾನು ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಬಾಟಲಿ ಕೊಡುವುದರಲ್ಲಿ ನಾನು ನಿಸ್ಸೀಮಳು ನೋಡು.

ಗುರುವಾರ ತೀರ್ಪು. ಆ ಬ್ಯಾಚು ಒಳ್ಳೆಯದಿತ್ತೋ ಕೆಟ್ಟದಿತ್ತೋ ಇನ್ನು ಯಾರಿಗೂ ತಿಳಿಯುವುದಿಲ್ಲ, ಅದನ್ನು ನಾನು ಹಳೇ ಬಟ್ಟೆಯಲ್ಲಿ ಒರೆಸಿ ಎಸೆದೆ. ಪರೀಕ್ಷೆಯಾದದ್ದು ಅದಲ್ಲ ಎಂಬುದಾದರೂ ಆ ಮನುಷ್ಯನಿಗೆ ತಿಳಿಯಬೇಡವೇ? ಏನು ಮಾಡಲಿ ಎಂದು ನಿನ್ನನ್ನು ಕೇಳುವುದಕ್ಕೇ ಈ ಕಾಗದ ಶುರು ಮಾಡಿದ್ದು. ಬರೆಯುತ್ತಾ ಬರೆಯುತ್ತಾ, ಕೇಳಬಾರದು ಅನ್ನಿಸಿತು.

ಇಂತಿ,
ಈ ಕೋಣೆಯ ಬೀಗದ ಕೈಯನ್ನು ಇನ್ನು ಎಷ್ಟು ದಿನವೋ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ
ನಿನ್ನ ಅಮ್ಮ

ಸಂಜೆ ಸೇರಿಸಿದ್ದು: ಇದನ್ನೇ ನೋಡಿ ಬರೆದ ಇನ್ನೊಂದು ಕಾಗದವನ್ನು ವಿಚಾರಣೆಯ ಅಧಿಕಾರಿಗೆ ಕೊಟ್ಟು ಬಂದೆ. ಅದರಲ್ಲಿ ನಿನ್ನ ಫೋನಿನ ಸುದ್ದಿಯಿಲ್ಲ. ಮಗಳು ಅದೇ ಲ್ಯಾಬಿನಲ್ಲಿದ್ದಾಳಲ್ಲ, ಅವಳಿಗೆ ಗೊತ್ತಿತ್ತೇ ಎಂದು ಕೇಳಿದರು. "ಅಯ್ಯೋ, ಅವಳಾ? ಅವಳು ನಂಗೆ ಫೋನೇ ಮಾಡಲ್ಲ ಸಾರ್" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡೆ. ಪಾಪ, ಅವರಿಗೆ ನನ್ನ ಮೇಲೆ ಮರುಕವೇ ಬಂತು. ಆದ್ದರಿಂದ ಮಗಳೇ, ಇದನ್ನು ಓದಿ ಹರಿದುಹಾಕು. ನಾನು ಹೇಳುವವರೆಗೆ ಫೋನ್ ಮಾಡಬೇಡ.